ಕ್ಯಾನ್ಸರ್ ಲಸಿಕೆ, ಇಮ್ಯುನೊಥೆರಪಿ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ಕ್ಯಾನ್ಸರಿಗೆ ಲಸಿಕೆ ಬಂದಿದೆಯಂತೆ, ದೇಹದ ರೋಗನಿರೋಧಕ ಶಕ್ತಿಯಿಂದಲೇ ಗಡ್ಡೆ ಕರಗುತ್ತದಂತೆ, ಅದು ನಮಗೂ ಸಿಗುತ್ತದೆಯೇ ಎಂಬುದು ಅವುಗಳ ಸಾರ. ಬರೆದವರಲ್ಲಿ ಹಲವರ ಮನೆಯಲ್ಲಿ ಈಗಾಗಲೇ ಚಿಕಿತ್ಸೆ ನಡೆಯುತ್ತಿದೆ. ಅವರಿಗೆ ಇದು ಕುತೂಹಲದ ಪ್ರಶ್ನೆಯಲ್ಲ, ಮುಂದಿನ ವಾರ ಆಸ್ಪತ್ರೆಗೆ ಹೋಗಬೇಕೇ ಬೇಡವೇ ಎಂಬ ನಿರ್ಧಾರ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ನಾದಿನಿಗೆ 44 ವರ್ಷ. ಸ್ತನ ಕ್ಯಾನ್ಸರಿಗೆ ಎಂಟು ಕೀಮೋ ಹೇಳಿದ್ದಾರೆ, ಮೂರು ಮುಗಿದಿವೆ. ಕೂದಲು ಪೂರ್ತಿ ಉದುರಿದೆ, ಊಟ ಸೇರುತ್ತಿಲ್ಲ. ರಷ್ಯಾದಲ್ಲಿ ಕ್ಯಾನ್ಸರ್ ಲಸಿಕೆ ಸಿದ್ಧವಾಗಿದೆ, ಉಚಿತವಾಗಿ ಕೊಡುತ್ತಾರೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಕೀಮೋ ನಿಲ್ಲಿಸಿ ಅದಕ್ಕೆ ಕಾಯಬಹುದೇ?
(ಶಿಕ್ಷಕಿ, ರಾಣೆಬೆನ್ನೂರು)

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಉಳಿದೆಲ್ಲ ವಿವರಣೆಯನ್ನು ನಿಧಾನವಾಗಿ ಓದಿದರೂ ಆದೀತು, ನಾಲ್ಕನೆಯ ಕೀಮೋ ಮಾತ್ರ ನಿಗದಿಯಾದ ದಿನವೇ ಆಗಲಿ. ಊಟ ಸೇರದಿರುವುದನ್ನೂ ಸುಸ್ತನ್ನೂ ಅವರ ವೈದ್ಯರಿಗೆ ಬಿಡಿಸಿ ಹೇಳಿ. ವಾಕರಿಕೆಗೆ ಇಂದು ಒಳ್ಳೆಯ ಔಷಧಗಳಿವೆ, ಅಗತ್ಯವಿದ್ದರೆ ಡೋಸ್ ಹೊಂದಿಸುವುದೂ ಸಾಧ್ಯ. ಕೂದಲು ಮತ್ತೆ ಬರುತ್ತದೆ.

ಈ ಗೊಂದಲಕ್ಕೆ ಒಂದು ಕಾರಣ ‘ಲಸಿಕೆ’ ಎಂಬ ಪದವೇ ಎಂದು ನನಗನ್ನಿಸುತ್ತದೆ. ನಮ್ಮ ಹಿರಿಯರು ‘ದಾಕು ಹಾಕಿಸುವುದು’ ಎಂದು ಕರೆಯುತ್ತಿದ್ದುದು ರೋಗ ಬಾರದಂತೆ ಮೊದಲೇ ತೆಗೆದುಕೊಳ್ಳುವ ಮುನ್ನೆಚ್ಚರಿಕೆಯನ್ನು. ಆ ಅರ್ಥದಲ್ಲಿ ಕ್ಯಾನ್ಸರ್ ತಡೆಯುವ ಎರಡು ಲಸಿಕೆಗಳು ಬಹಳ ಹಿಂದೆಯೇ ಬಂದಿವೆ: ಯಕೃತ್ತಿನ ಕ್ಯಾನ್ಸರಿಗೆ ಒಂದು ಮುಖ್ಯ ಕಾರಣವಾದ ಹೆಪಟೈಟಿಸ್ ಬಿ ವೈರಸ್ಸಿನ ವಿರುದ್ಧ ಒಂದು, ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ವಿರುದ್ಧ ಇನ್ನೊಂದು. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಆರಂಭಿಸಿದ ಮೇಲೆ ಅಲ್ಲಿನ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಕಡಿಮೆಯಾದದ್ದು ದಾಖಲಾಗಿದೆ. ಆದರೆ ಸುದ್ದಿಯಲ್ಲಿ ಓದುತ್ತಿರುವ ‘ಕ್ಯಾನ್ಸರ್ ಲಸಿಕೆ’ ಬೇರೆಯದು. ಅದನ್ನು ಕೊಡುವುದು ರೋಗ ಬಂದವರಿಗೆ; ಗಡ್ಡೆಯ ಗುರುತನ್ನು ದೇಹದ ಕಾವಲು ಕೋಶಗಳಿಗೆ ತೋರಿಸಿ, ಇಂಥದ್ದನ್ನು ಕಂಡಲ್ಲಿ ನಾಶ ಮಾಡು ಎಂದು ಕಲಿಸುವುದು ಅದರ ಉದ್ದೇಶ.

ಇದು ಹೇಗೆ ತಯಾರಾಗುತ್ತದೆ ಎಂದು ತಿಳಿದರೆ, ಅಂಚೆಯಲ್ಲಿ ತರಿಸಿಕೊಳ್ಳಬಹುದಾದ ಔಷಧ ಇದಲ್ಲವೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ತುಣುಕನ್ನೂ ಅದೇ ರೋಗಿಯ ರಕ್ತವನ್ನೂ ಪ್ರಯೋಗಾಲಯಕ್ಕೆ ಕಳುಹಿಸಿ, ಎರಡರ ಡಿಎನ್‌ಎ ಓದಿ, ಗಡ್ಡೆಯಲ್ಲಿ ಮಾತ್ರ ಇರುವ ತಪ್ಪುಗಳನ್ನು ಹೆಕ್ಕುತ್ತಾರೆ. ಅವುಗಳಲ್ಲಿ ಕಾವಲು ಕೋಶಗಳ ಕಣ್ಣಿಗೆ ಬೀಳುವ ಸಾಧ್ಯತೆ ಇರುವ ಕೆಲವನ್ನು ಆರಿಸಿ, ಅವುಗಳ ಸಂದೇಶವನ್ನು ಎಂಆರ್‌ಎನ್‌ಎ ಎಂಬ, ನಮ್ಮ ಕೋಶಗಳು ಓದಬಲ್ಲ ಅಣುವಿನ ರೂಪದಲ್ಲಿ ಬರೆದು ಆ ಒಬ್ಬ ರೋಗಿಗಾಗಿಯೇ ಲಸಿಕೆ ಮಾಡುತ್ತಾರೆ. ಇಷ್ಟಕ್ಕೆ ವಾರಗಟ್ಟಲೆ ಸಮಯ ಹಿಡಿಯುತ್ತದೆ, ಮತ್ತು ಒಬ್ಬರ ಲಸಿಕೆ ಇನ್ನೊಬ್ಬರಿಗೆ ಉಪಯೋಗವಿಲ್ಲ. ಮಾಡರ್ನಾ ಮತ್ತು ಮರ್ಕ್ ಕಂಪನಿಗಳು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ 157 ರೋಗಿಗಳಲ್ಲಿ ಇಂಥ ಲಸಿಕೆಯನ್ನು ಪರೀಕ್ಷಿಸಿವೆ. ಅದರಲ್ಲಿ ಒಬ್ಬೊಬ್ಬರ ಗಡ್ಡೆಯಿಂದ 34ರವರೆಗೆ ಗುರುತುಗಳನ್ನು ಆರಿಸಲಾಗಿತ್ತು. ಶಸ್ತ್ರಚಿಕಿತ್ಸೆಯ ನಂತರ ಲಸಿಕೆಯನ್ನೂ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಎಬ್ಬಿಸುವ) ಔಷಧವನ್ನೂ ಜೊತೆಯಾಗಿ ಪಡೆದವರಲ್ಲಿ, ಆ ಔಷಧವೊಂದನ್ನೇ ಪಡೆದವರಿಗಿಂತ, ರೋಗ ಮರುಕಳಿಸುವ ಅಥವಾ ಸಾವು ಸಂಭವಿಸುವ ಅಪಾಯ ಮೂರು ವರ್ಷಗಳ ನಂತರ ನೋಡಿದಾಗ ಸುಮಾರು ಅರ್ಧದಷ್ಟಕ್ಕೆ ಇಳಿದಿತ್ತು. ಇದು ನಿಜಕ್ಕೂ ಸಂತೋಷದ ಸುದ್ದಿ. ಇದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಪುಟ್ಟ ಅಧ್ಯಯನ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಷ್ಟು ಕ್ರೂರಿ ಎಂಬುದು ಅದನ್ನು ಮನೆಯಲ್ಲಿ ಕಂಡವರಿಗೆ ಗೊತ್ತು. ಅಲ್ಲಿ ಲಸಿಕೆ ಪಡೆದ 16 ಮಂದಿಯಲ್ಲಿ ಎಂಟು ಮಂದಿಯ ದೇಹ ಪಾಠ ಕಲಿಯಿತು, ಎಂಟು ಮಂದಿಯದು ಕಲಿಯಲಿಲ್ಲ. ಮೂರು ವರ್ಷ ಕಳೆದ ಮೇಲೆ ಕಲಿತ ಎಂಟರಲ್ಲಿ ಆರು ಮಂದಿಗೆ ರೋಗ ಮರಳಿರಲಿಲ್ಲ. ಕಲಿಯದ ಎಂಟರಲ್ಲಿ ಏಳು ಮಂದಿಗೆ ಮರಳಿತ್ತು. ಸಂಖ್ಯೆ ಬಹಳ ಚಿಕ್ಕದು, ಭರವಸೆ ದೊಡ್ಡದು, ಮತ್ತು ಆ 16 ಮಂದಿಯೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಲಸಿಕೆಯ ಜೊತೆಗೆ ಅವರ ಚಿಕಿತ್ಸೆಯಲ್ಲಿ ಕೀಮೋ ಕೂಡ ಸೇರಿತ್ತು ಎಂಬುದನ್ನು ನೀವು ಗಮನಿಸಬೇಕು.

ರಷ್ಯಾದ ಸುದ್ದಿಯ ಮೂಲ 2024ರ ಡಿಸೆಂಬರಿನಲ್ಲಿ ಅಲ್ಲಿನ ಆರೋಗ್ಯ ಇಲಾಖೆಯ ಕಡೆಯಿಂದ ಬಂದ ಹೇಳಿಕೆ. ಅದೂ ಇದೇ ಬಗೆಯ, ರೋಗಿಯ ಗಡ್ಡೆಯಿಂದ ತಯಾರಿಸುವ ಲಸಿಕೆಯ ಮಾತು. ಹೇಳಿಕೆಯ ಬಲದ ಮೇಲೆ ಯಾವ ದೇಶದ ವೈದ್ಯರೂ ನಡೆಯುತ್ತಿರುವ ಚಿಕಿತ್ಸೆಯನ್ನು ಬದಲಿಸುವುದಿಲ್ಲ, ಬದಲಿಸಬಾರದು. ನಿಮ್ಮ ನಾದಿನಿಯ ಮಟ್ಟಿಗೆ ಇಂದೇ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಅವರದು ‘ಟ್ರಿಪಲ್ ನೆಗೆಟಿವ್’ ಬಗೆಯ, ಅಂದರೆ ಹಾರ್ಮೋನಿನ ಎರಡು ಗುರುತುಗಳೂ ಹರ್2 ಎಂಬ ಗುರುತೂ ಇಲ್ಲದ, ಸ್ತನ ಕ್ಯಾನ್ಸರೇ? ಹೌದಾದರೆ, ಆರಂಭದ ಆದರೆ ಅಪಾಯ ಹೆಚ್ಚಿರುವ ಹಂತದಲ್ಲಿ ಕೀಮೋ ಜೊತೆಗೆ ಪೆಂಬ್ರೊಲಿಜುಮ್ಯಾಬ್ ಕೊಡುವ ಪದ್ಧತಿಗೆ ಅಮೆರಿಕದಲ್ಲಿ 2021ರಲ್ಲೇ ಅನುಮತಿ ಸಿಕ್ಕಿದೆ. ಅಲ್ಲಿಯೂ ಅದು ಕೀಮೋ ಜೊತೆಗೆ. ಕೀಮೋ ಬದಲಿಗೆ ಅಲ್ಲ.

ಪ್ರಶ್ನೆ: ಗುದನಾಳದ ಕ್ಯಾನ್ಸರ್ ಇದ್ದ ಎಲ್ಲರಿಗೂ ಒಂದು ಔಷಧದಿಂದ ನೂರಕ್ಕೆ ನೂರು ವಾಸಿಯಾಯಿತು ಎಂದು ಪತ್ರಿಕೆಯಲ್ಲಿ ಓದಿದ್ದೆ. ನನ್ನ ತಂದೆಯವರಿಗೆ 62 ವರ್ಷ, ಅದೇ ರೋಗ. ಹೊಟ್ಟೆಗೆ ಚೀಲ ಹಾಕಬೇಕಾಗಬಹುದು ಎನ್ನುತ್ತಿದ್ದಾರೆ. ಆ ಔಷಧ ಅವರಿಗೆ ಆಗುವುದಿಲ್ಲವೇ?
(ಓದುಗರು, ಪುತ್ತೂರು)

ಉತ್ತರ: ನೀವು ಓದಿದ ಸುದ್ದಿ ನಿಜ, ತಲೆಬರಹ ಮಾತ್ರ ಅರ್ಧ ನಿಜ. 2022ರ ಜೂನ್‌ನಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಡೋಸ್ಟಾರ್ಲಿಮ್ಯಾಬ್ ಎಂಬ ಔಷಧವನ್ನು ಮೂರು ವಾರಕ್ಕೊಮ್ಮೆ ಆರು ತಿಂಗಳ ಕಾಲ ಪಡೆದ 12 ರೋಗಿಗಳಲ್ಲಿ ಎಲ್ಲರ ಗಡ್ಡೆಯೂ ಕಾಣದಂತಾಯಿತು. ಶಸ್ತ್ರಚಿಕಿತ್ಸೆಯಾಗಲಿ, ರೇಡಿಯೇಶನ್ ಆಗಲಿ ಬೇಕಾಗಲಿಲ್ಲ. 2025ರ ಹೊತ್ತಿಗೆ ಆ ಸಂಖ್ಯೆ 49ಕ್ಕೆ ಏರಿತು, ಫಲಿತಾಂಶ ಹಾಗೆಯೇ ಉಳಿಯಿತು. ನಾನು ಕಲಿಯುವಾಗ ಇಂಥದ್ದನ್ನು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಆದರೆ ಆ ರೋಗಿಗಳೆಲ್ಲ ಒಂದು ವಿಶೇಷ ಗುಂಪಿಗೆ ಸೇರಿದವರು: ಡಿಎನ್‌ಎ ನಕಲಾಗುವಾಗ ಆಗುವ ತಪ್ಪುಗಳನ್ನು ತಿದ್ದುವ ವ್ಯವಸ್ಥೆಯೇ ಅವರ ಗಡ್ಡೆಯಲ್ಲಿ ಕೆಟ್ಟುಹೋಗಿತ್ತು. ಗುದನಾಳದ ಕ್ಯಾನ್ಸರ್ ರೋಗಿಗಳಲ್ಲಿ ಇಂಥವರು ನೂರಕ್ಕೆ ಐದರಿಂದ ಹತ್ತು ಮಂದಿ ಮಾತ್ರ.

ತಿದ್ದುವವರಿಲ್ಲದ ಗಡ್ಡೆಯಲ್ಲಿ ತಪ್ಪುಗಳು ರಾಶಿ ಬೀಳುತ್ತವೆ. ತಪ್ಪು ಹೆಚ್ಚಿದಷ್ಟೂ ಅದು ದೇಹದ ಕಣ್ಣಿಗೆ ಪರಕೀಯವಾಗಿ ಕಾಣುತ್ತದೆ, ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಅದನ್ನು ಮುತ್ತುತ್ತವೆ. ಹಾಗಿದ್ದೂ ಅವು ಕೊಲ್ಲುವುದಿಲ್ಲ, ಏಕೆಂದರೆ ಟಿ ಕೋಶದ ಮೈಮೇಲೆ ಬ್ರೇಕಿನಂಥ ಪ್ರೋಟೀನ್‌ಗಳಿವೆ. ನಮ್ಮ ಸೈನ್ಯ ನಮ್ಮ ಮೇಲೆಯೇ ತಿರುಗಿ ಬೀಳದಿರಲೆಂದು ಪ್ರಕೃತಿ ಇಟ್ಟ ವ್ಯವಸ್ಥೆ ಅದು. ಚತುರ ಗಡ್ಡೆ ಆ ಬ್ರೇಕನ್ನೇ ಒತ್ತಿ ಹಿಡಿಯುತ್ತದೆ. ಜಪಾನಿನ ತಸುಕು ಹೊಂಜೊ ಅವರ ತಂಡ 1992ರಲ್ಲಿ ಪಿಡಿ-1 ಎಂಬ ಬ್ರೇಕನ್ನು ಕಂಡುಹಿಡಿಯಿತು. ಅಮೆರಿಕದ ಜೇಮ್ಸ್ ಆಲಿಸನ್ ಸಿಟಿಎಲ್‌ಎ-4 ಎಂಬ ಇನ್ನೊಂದು ಬ್ರೇಕನ್ನು ಸಡಿಲಿಸಿದರೆ ಇಲಿಗಳಲ್ಲಿ ಗಡ್ಡೆ ಕರಗುತ್ತದೆಂದು 1996ರಲ್ಲಿ ತೋರಿಸಿದರು. ಇಬ್ಬರಿಗೂ 2018ರಲ್ಲಿ ನೊಬೆಲ್ ಬಂತು. ಇಂದು ‘ಇಮ್ಯುನೊಥೆರಪಿ’ ಎಂದು ಆಸ್ಪತ್ರೆಗಳಲ್ಲಿ ಡ್ರಿಪ್ ಮೂಲಕ ಕೊಡುತ್ತಿರುವ ಔಷಧಗಳಲ್ಲಿ ಹೆಚ್ಚಿನವು ಈ ಬ್ರೇಕುಗಳನ್ನು ಬಿಡಿಸುವಂಥವು. ಡೋಸ್ಟಾರ್ಲಿಮ್ಯಾಬ್ ಕೂಡ ಪಿಡಿ-1ನ್ನು ತಡೆಯುವ ಔಷಧ.

ಆದ್ದರಿಂದ ನೀವು ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಬಯಾಪ್ಸಿ ಮಾಡಿದ ಪ್ರಯೋಗಾಲಯದಲ್ಲಿ ತಂದೆಯವರ ಗಡ್ಡೆಯ ತುಣುಕು ಮೇಣದಲ್ಲಿ ಹುದುಗಿಸಿದ ಪುಟ್ಟ ‘ಬ್ಲಾಕ್’ ರೂಪದಲ್ಲಿ ಇರುತ್ತದೆ. ಅದರ ಮೇಲೆ ಎಂಎಂಆರ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಮೇಲೆ ಹೇಳಿದ ತಪ್ಪು ತಿದ್ದುವ ವ್ಯವಸ್ಥೆಗೆ ಸೇರಿದ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಎಂಬ ನಾಲ್ಕು ಪ್ರೋಟೀನ್‌ಗಳಿವೆಯೇ ಇಲ್ಲವೇ ಎಂದು ಬಣ್ಣ ಹಾಕಿ ನೋಡುವ ಪರೀಕ್ಷೆ ಇದು. ಆಗಿಲ್ಲದಿದ್ದರೆ ರೇಡಿಯೇಶನ್ ಶುರುವಾಗುವ ಮೊದಲೇ ಮಾಡಿಸಲು ವಿನಂತಿಸಿ. ಯಾವುದಾದರೂ ಪ್ರೋಟೀನ್ ಕಾಣೆಯಾಗಿದ್ದರೆ ತಂದೆಯವರ ಚಿಕಿತ್ಸೆಯ ದಾರಿಯೇ ಬದಲಾಗಬಹುದು. ಅದು ವಂಶದಲ್ಲಿ ಬರುವ ಬಗೆಯದೂ ಆಗಿರಬಹುದಾದ್ದರಿಂದ ನೀವೂ ನಿಮ್ಮ ಒಡಹುಟ್ಟಿದವರೂ ತಜ್ಞರನ್ನು ಕಾಣಬೇಕಾದೀತು. ನಾಲ್ಕೂ ಇದ್ದರೆ, ಬ್ರೇಕ್ ಬಿಡಿಸುವ ಔಷಧವೊಂದರಿಂದಲೇ ಈ ರೋಗ ಕರಗುವ ನಿರೀಕ್ಷೆ ಬಹಳ ಕಡಿಮೆ. ಆಗ ರೇಡಿಯೇಶನ್, ಕೀಮೋ, ಶಸ್ತ್ರಚಿಕಿತ್ಸೆಯ ದಾರಿಯೇ ಸರಿಯಾದದ್ದು, ಮತ್ತು ಅದರಿಂದ ಗುಣವಾದವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಚೀಲದೊಂದಿಗೆ ತೋಟದ ಕೆಲಸ ಮಾಡಿಕೊಂಡಿರುವವರನ್ನು ನಾನೇ ಬಲ್ಲೆ.

ಪ್ರಶ್ನೆ: ನನಗೆ 66 ವರ್ಷ, ನಿವೃತ್ತ ನೌಕರ. ಮೂತ್ರಕೋಶದ ಗಡ್ಡೆಯನ್ನು ದುರ್ಬೀನಿನಿಂದ ತೆಗೆದಿದ್ದಾರೆ. ಈಗ ಅದರೊಳಗೆ ಕ್ಷಯದ ಲಸಿಕೆ ಬಿಸಿಜಿಯನ್ನು ಆರು ವಾರ ಹಾಕಬೇಕು ಎನ್ನುತ್ತಾರೆ. ಇದು ಮಕ್ಕಳ ತೋಳಿಗೆ ಹಾಕುವುದಲ್ಲವೇ? ನನಗೆ ಕ್ಷಯ ಬಂದುಬಿಟ್ಟರೆ?
(ಓದುಗರು, ಸೊಲ್ಲಾಪುರ)

ಉತ್ತರ: ನಿಮ್ಮ ವೈದ್ಯರು ಹೇಳಿದ್ದು ಸರಿಯಾಗಿದೆ. ಹೊಸ ಲಸಿಕೆಗಳ ಬಗ್ಗೆ ಇಷ್ಟೆಲ್ಲ ಸುದ್ದಿಯಾಗುತ್ತಿರುವಾಗ, ಕ್ಯಾನ್ಸರ್ ಬಂದವರಿಗೆ ನಾಲ್ಕು ದಶಕಗಳಿಂದ ನಿತ್ಯವೂ ಉಪಯೋಗವಾಗುತ್ತಿರುವ ಈ ಹಳೆಯ ಲಸಿಕೆಯ ಬಗ್ಗೆ ಯಾರೂ ಬರೆಯುವುದಿಲ್ಲವಲ್ಲ ಎಂದು ನನಗೆ ಬೇಸರವಿತ್ತು. ನಿಮ್ಮ ಪತ್ರ ಅದಕ್ಕೆ ಅವಕಾಶ ಕೊಟ್ಟಿದೆ.

ಸೋಂಕಿಗೂ ಕ್ಯಾನ್ಸರಿಗೂ ಇರುವ ನಂಟನ್ನು ಬೆನ್ನುಹತ್ತಿದವರಲ್ಲಿ ಮೊದಲಿಗರೊಬ್ಬರು ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ. ಮೂಳೆಯ ಕ್ಯಾನ್ಸರಿನಿಂದ ಹದಿನೇಳರ ಹುಡುಗಿಯೊಬ್ಬಳನ್ನು ಕಳೆದುಕೊಂಡ ಮೇಲೆ ಅವರು ಆಸ್ಪತ್ರೆಯ ಹಳೆಯ ಕಡತಗಳನ್ನು ತಿರುವಿಹಾಕಿದರು. ಕುತ್ತಿಗೆಯ ಗಡ್ಡೆಯ ರೋಗಿಯೊಬ್ಬನಿಗೆ ಚರ್ಮದ ತೀವ್ರ ಸೋಂಕು ತಗಲಿ, ಜ್ವರ ಇಳಿಯುವ ಹೊತ್ತಿಗೆ ಗಡ್ಡೆಯೂ ಮಾಯವಾಗಿದ್ದ ಉಲ್ಲೇಖ ಸಿಕ್ಕಿತು. ಕೋಲಿ ಆ ಮನುಷ್ಯನನ್ನು ಊರೆಲ್ಲ ಹುಡುಕಿ, ಅವನು ಆರೋಗ್ಯವಾಗಿರುವುದನ್ನು ಕಣ್ಣಾರೆ ಕಂಡು, 1891ರಲ್ಲಿ ತಮ್ಮ ರೋಗಿಗಳಿಗೆ ಬ್ಯಾಕ್ಟೀರಿಯಾ ಚುಚ್ಚಲು ಆರಂಭಿಸಿದರು. ಕೆಲವರು ಗುಣವಾದರು, ಕೆಲವರು ಸೋಂಕಿನಿಂದಲೇ ಸತ್ತರು. ರೇಡಿಯೇಶನ್ ಬಂದ ಮೇಲೆ ಆ ದಾರಿ ಮರೆಗೆ ಸರಿಯಿತು. 1976ರಲ್ಲಿ ಕೆನಡಾದ ಅಲ್ವಾರೊ ಮೊರಾಲೆಸ್ ಬಿಸಿಜಿಯನ್ನು ನೇರವಾಗಿ ಮೂತ್ರಕೋಶಕ್ಕೆ ಹಾಕಿದ ಪುಟ್ಟ ವರದಿಯನ್ನು ಪ್ರಕಟಿಸಿದರು. ಅವರು ಬಳಸಿದ ಲಸಿಕೆ ಆರು ಸೀಸೆಗಳ ಪೊಟ್ಟಣದಲ್ಲಿ ಬರುತ್ತಿತ್ತು, ಹಾಗಾಗಿ ಆರು ವಾರ ಎಂದಾಯಿತು. ಆ ಆರು ಇಂದಿಗೂ ಉಳಿದಿದೆ, ನಿಮ್ಮ ಚೀಟಿಯಲ್ಲೂ ಅದೇ ಇದೆ.

ಆ ದಿನ ಏನಾಗುತ್ತದೆ ಎಂದು ತಿಳಿದಿದ್ದರೆ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ. ಬೆಳಿಗ್ಗೆ ನಾಲ್ಕು ಗಂಟೆ ಕಾಲ ನೀರು, ಕಾಫಿ ಕಡಿಮೆ ಮಾಡಲು ಹೇಳುತ್ತಾರೆ. ಮೂತ್ರ ಪೂರ್ತಿ ಖಾಲಿ ಮಾಡಿದ ಮೇಲೆ ಸಣ್ಣ ಕ್ಯಾಥೆಟರ್ ಹಾಕಿ, ಪುಡಿಯ ರೂಪದ ಬಿಸಿಜಿಯನ್ನು ಸುಮಾರು 50 ಮಿಲಿ ಲೀಟರ್ ಸಲೈನಿನಲ್ಲಿ ಕದಡಿ, ನಿಧಾನವಾಗಿ ಒಳಗೆ ಬಿಟ್ಟು ಕ್ಯಾಥೆಟರ್ ತೆಗೆದುಬಿಡುತ್ತಾರೆ. ಇದಕ್ಕೆ ಕೆಲವೇ ನಿಮಿಷ ಸಾಕು. ಆ ಬಳಿಕ ಎರಡು ಗಂಟೆ ತಡೆದುಕೊಳ್ಳಬೇಕು. ಔಷಧ ಎಲ್ಲ ಗೋಡೆಗಳಿಗೂ ತಾಗಲಿ ಎಂದು ಅಂಗಾತ, ಎಡ ಮಗ್ಗುಲು, ಬಲ ಮಗ್ಗುಲು, ಬೋರಲು ಎಂದು ಹೊರಳುತ್ತ ಇರಲು ಕೆಲವು ಕಡೆ ಹೇಳುತ್ತಾರೆ. ಮನೆಗೆ ಹೋದ ಮೇಲೆ ಆರು ಗಂಟೆ ಕಾಲ ಕುಳಿತೇ ಮೂತ್ರ ಮಾಡಿ, ಪ್ರತಿ ಸಲ ಕಮೋಡಿಗೆ ಬ್ಲೀಚ್ ಸುರಿದು ಹದಿನೈದು ನಿಮಿಷ ಬಿಟ್ಟು ನೀರು ಹಾಕಿ, ಕೈ ಸೋಪಿನಿಂದ ತೊಳೆಯಿರಿ; ಏಕೆಂದರೆ ಬಿಸಿಜಿ ಜೀವಂತ ಸೂಕ್ಷ್ಮಾಣು, ಶಕ್ತಿಗುಂದಿಸಿದ್ದು ಅಷ್ಟೆ. ಒಂದೆರಡು ದಿನ ಉರಿಮೂತ್ರ, ಮೈಬೆಚ್ಚಗಾಗುವುದು ಸಹಜ. ಮೂತ್ರಕೋಶದ ಗೋಡೆಗೆ ಕಾವಲು ಕೋಶಗಳು ಧಾವಿಸಿರುವುದರ ಲಕ್ಷಣವದು.

ನಿಮ್ಮ ಕ್ಷಯದ ಆತಂಕ ಆಧಾರವಿಲ್ಲದ್ದಲ್ಲ. ಬಿಸಿಜಿ ರಕ್ತಕ್ಕೆ ಸೇರಿ ದೇಹದಲ್ಲೆಲ್ಲ ಹರಡುವುದು ಅಪರೂಪಕ್ಕೆ ಉಂಟು. ಅದಕ್ಕಾಗಿಯೇ ಗಡ್ಡೆ ತೆಗೆದ ಬಳಿಕ ಕನಿಷ್ಠ ಎರಡು ವಾರ ಬಿಡುತ್ತಾರೆ, ಮೂತ್ರದಲ್ಲಿ ಕಣ್ಣಿಗೆ ಕಾಣುವಷ್ಟು ರಕ್ತವಿದ್ದರೆ ಅಥವಾ ಕ್ಯಾಥೆಟರ್ ಹಾಕುವಾಗ ಗಾಯವಾದರೆ ಆ ದಿನ ಮುಂದೂಡುತ್ತಾರೆ. ಚಳಿ ಜ್ವರ ಒಂದು ದಿನ ದಾಟಿದರೆ ಪ್ಯಾರಾಸಿಟಮಾಲ್ ನುಂಗಿ ಕೂರದೆ ಆಸ್ಪತ್ರೆಗೆ ಹೋಗಿ, ‘ಬಿಸಿಜಿ ಹಾಕಿಸಿಕೊಂಡಿದ್ದೇನೆ’ ಎಂದು ಮೊದಲ ಮಾತಿನಲ್ಲೇ ತಿಳಿಸಿ.

ಪ್ರಶ್ನೆ: ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ, ಕಷಾಯ ತೆಗೆದುಕೊಂಡರೆ ಅದೂ ಇಮ್ಯುನೊಥೆರಪಿಯೇ ಅಲ್ಲವೇ?
(ಓದುಗರು, ತುಮಕೂರು)

ಉತ್ತರ: ಅಲ್ಲ. ಮೇಲೆ ವಿವರಿಸಿದಂತೆ ಕ್ಯಾನ್ಸರಿನಲ್ಲಿ ಕೊರತೆ ಇರುವುದು ಒಟ್ಟಾರೆ ಶಕ್ತಿಯದಲ್ಲ, ಗುರುತು ಹಿಡಿಯುವುದರಲ್ಲಿ ಮತ್ತು ಬ್ರೇಕಿನಲ್ಲಿ ತೊಡಕಿದೆ. ಪುಡಿಯಿಂದ ಅದು ಸರಿಯಾಗುವುದಿಲ್ಲ. ಚಿಕಿತ್ಸೆಯ ಅವಧಿಯಲ್ಲಿ ಯಾವುದೇ ಕಷಾಯ ಸೇವಿಸುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ, ಯಕೃತ್ತಿನ ಪರೀಕ್ಷೆಯಲ್ಲಿ ಏರುಪೇರು ಕಂಡಾಗ ಕಾರಣ ಹುಡುಕಲು ಅದು ಬೇಕಾಗುತ್ತದೆ.

ಪ್ರಶ್ನೆ: ನನ್ನ ಯಜಮಾನರಿಗೆ ಬಾಯಿಯ ಕ್ಯಾನ್ಸರ್. ಗುಟ್ಕಾ ಚಟವಿತ್ತು, ಈಗ ಬಿಟ್ಟಿದ್ದಾರೆ. ಎರಡು ವರ್ಷದ ಹಿಂದೆ ಆಪರೇಷನ್ ಆಗಿತ್ತು, ಈಗ ಕುತ್ತಿಗೆಯಲ್ಲಿ ಮತ್ತೆ ಬಂದಿದೆ, ಮತ್ತೆ ಆಪರೇಷನ್ ಆಗುವುದಿಲ್ಲ ಎಂದಿದ್ದಾರೆ. ಇಮ್ಯುನೊಥೆರಪಿಗೆ ಪ್ರತಿ ಸಲ ಲಕ್ಷಗಟ್ಟಲೆ ಬೇಕಂತೆ. ನಮ್ಮಂಥವರಿಗೆ ದಾರಿಯೇ ಇಲ್ಲವೇ?
(ಗೃಹಿಣಿ, ಹುಬ್ಬಳ್ಳಿ)

ಉತ್ತರ: ಅಮ್ಮ, ಒಂದು ದಾರಿ ಇದೆ, ಮತ್ತು ಅದನ್ನು ತೋರಿಸಿದ್ದು ನಮ್ಮ ದೇಶದ ವೈದ್ಯರೇ. ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧವನ್ನು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುತ್ತಾರೆ. ಟಿ ಕೋಶದ ಬ್ರೇಕುಗಳನ್ನು ಮುಚ್ಚಲು ಅಷ್ಟೊಂದು ಬೇಕೇ ಎಂದು ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ತಂಡ ಕೇಳಿಕೊಂಡಿತು. ಬಾಯಿ, ಗಂಟಲು, ಕುತ್ತಿಗೆಯ ಭಾಗದ ಕ್ಯಾನ್ಸರ್ ಬಲಿತು, ಪೂರ್ಣ ಗುಣಪಡಿಸುವ ಚಿಕಿತ್ಸೆ ಸಾಧ್ಯವಿಲ್ಲದಿದ್ದ 151 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್ ಎಂಬ ಮೂರು ಮಾತ್ರೆಗಳನ್ನು ಮಾತ್ರ ಕೊಟ್ಟರು. ಇನ್ನೊಂದು ಗುಂಪಿಗೆ ಅದೇ ಮಾತ್ರೆಗಳ ಜೊತೆಗೆ ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬ್ ಸೇರಿಸಿದರು. ಒಂದು ವರ್ಷದ ಬಳಿಕ ಮೊದಲ ಗುಂಪಿನಲ್ಲಿ ಬದುಕಿದ್ದವರು ನೂರಕ್ಕೆ 16, ಎರಡನೆಯದರಲ್ಲಿ ನೂರಕ್ಕೆ 43. ಪೂರ್ಣ ಡೋಸಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಔಷಧದಲ್ಲಿ ಇದು ಸಾಧ್ಯವಾಯಿತು. ಗುಟ್ಕಾ ಮತ್ತು ತಂಬಾಕು ನಮ್ಮ ಊರುಗಳಿಗೆ ತಂದಿರುವ ಈ ರೋಗಕ್ಕೆ, ನಮ್ಮ ಜನರ ಕೈಗೆಟುಕುವ ಹಾದಿಯನ್ನು ನಮ್ಮವರೇ ಹುಡುಕಿದರು ಎಂಬುದು ನನಗೆ ಅಭಿಮಾನದ ಸಂಗತಿ.

ನಿಮ್ಮ ವೈದ್ಯರ ಬಳಿ ‘ಕಡಿಮೆ ಡೋಸಿನ ನಿವೊಲುಮ್ಯಾಬ್’ ಎಂಬ ಮಾತನ್ನು ಎತ್ತಿ. ಆಪರೇಷನ್ ಸಾಧ್ಯವಿರುವ ರೋಗಿಗೆ ಇದು ಬದಲಿ ಅಲ್ಲವೆಂಬುದನ್ನು ಬೇರೆ ಓದುಗರೂ ಗಮನಿಸಬೇಕು. ಸಿಕ್ಕ ಫಲವೂ ಆಯುಷ್ಯದ ವಿಸ್ತರಣೆಯೇ ಹೊರತು ಎಲ್ಲರಿಗೂ ಶಾಶ್ವತ ಗುಣವಲ್ಲ. ನೀವು ಕೇಳಿದ್ದರಿಂದ ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ. ಇನ್ನೊಂದು ಎಚ್ಚರಿಕೆ: ಬ್ರೇಕ್ ಬಿಟ್ಟ ಟಿ ಕೋಶಗಳು ಕೆಲವೊಮ್ಮೆ ಆರೋಗ್ಯವಂತ ಅಂಗಗಳ ಮೇಲೂ ಏರಿ ಹೋಗುತ್ತವೆ. ಕರುಳಾದರೆ ಭೇದಿ, ಶ್ವಾಸಕೋಶವಾದರೆ ಒಣಕೆಮ್ಮು ಮತ್ತು ಏದುಸಿರು, ಥೈರಾಯ್ಡ್ ಆದರೆ ವಿಪರೀತ ಆಯಾಸ. ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಇದು ಬರಬಹುದು. ಭೇದಿಯಾಯಿತೆಂದು ಅಂಗಡಿಯ ಮಾತ್ರೆ ನುಂಗಿ ಮೂರು ದಿನ ಕಳೆದು ಬಂದ ರೋಗಿಗಳನ್ನು ಉಳಿಸಿಕೊಳ್ಳಲು ನಾವು ಪಟ್ಟ ಪಾಡು ನನಗೆ ನೆನಪಿದೆ. ಮೊದಲ ದಿನವೇ ಬಂದಿದ್ದರೆ ಸ್ಟೆರಾಯ್ಡ್‌ನಿಂದ ಸುಲಭವಾಗಿ ಹತೋಟಿಗೆ ಬರುತ್ತಿತ್ತು.

ಪ್ರಶ್ನೆ: ನನ್ನ ಅಣ್ಣನ ಮಗನಿಗೆ 19 ವರ್ಷ, ರಕ್ತದ ಕ್ಯಾನ್ಸರ್ ಎರಡನೆಯ ಸಲ ಮರುಕಳಿಸಿದೆ. ಕಾರ್-ಟಿ ಎಂಬ ಚಿಕಿತ್ಸೆ ಭಾರತದಲ್ಲೇ ತಯಾರಾಗಿದೆಯಂತೆ. ಅದು ಏನು, ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ?
(ಓದುಗರು, ಬಳ್ಳಾರಿ)

ಉತ್ತರ: ಕಾರ್-ಟಿಯಲ್ಲಿ ರೋಗಿಯ ಟಿ ಕೋಶಗಳನ್ನು ರಕ್ತದಿಂದ ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಅವಕ್ಕೆ ಹೊಸದೊಂದು ವಂಶವಾಹಿ ಸೇರಿಸಿ, ಸಂಖ್ಯೆ ಬೆಳೆಸಿ ಮರಳಿ ಕೊಡುತ್ತಾರೆ. ಆ ವಂಶವಾಹಿಯಿಂದ ಟಿ ಕೋಶದ ಮೈಮೇಲೆ ಒಂದು ಕೊಕ್ಕೆ ಮೂಡುತ್ತದೆ. ಅದು ಬಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಮೇಲಿರುವ ಸಿಡಿ19 ಎಂಬ ಗುರುತನ್ನು ಹಿಡಿಯುತ್ತದೆ. ಹಾಗಾಗಿ ನಿಮ್ಮ ಅಣ್ಣನ ಮಗನ ರೋಗ ಬಿ ಕೋಶದ ಬಗೆಯದಾಗಿದ್ದರೆ ಮಾತ್ರ ಇದರ ಮಾತು. ವರದಿಯಲ್ಲಿ ‘ಬಿ-ಎಎಲ್‌ಎಲ್’ ಎಂದಿದೆಯೇ ನೋಡಿ.

2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಬಾಲಕಿಗೆ ಈ ಚಿಕಿತ್ಸೆ ಆಯಿತು. ಮಕ್ಕಳಲ್ಲಿ ಅವಳೇ ಮೊದಲಿಗಳು. ಎರಡು ಸಲ ಮರುಕಳಿಸಿದ ರೋಗ ಅವಳದು. ಕೋಶಗಳು ಒಳಹೋದ ಕೆಲವೇ ದಿನಗಳಲ್ಲಿ ಜ್ವರ ಏರಿ, ರಕ್ತದೊತ್ತಡ ಕುಸಿದು, ಮಗು ವೆಂಟಿಲೇಟರಿಗೆ ಹೋಯಿತು. ಐಎಲ್-6 ಎಂಬ ರಾಸಾಯನಿಕ ವಿಪರೀತ ಏರಿದೆ ಎಂದು ರಕ್ತಪರೀಕ್ಷೆ ತಿಳಿಸಿದಾಗ, ಸಂಧಿವಾತಕ್ಕೆ ಬಳಸುವ ಟೊಸಿಲಿಜುಮ್ಯಾಬ್ ಔಷಧ ಅದನ್ನು ತಡೆಯಬಲ್ಲದೆಂದು ವೈದ್ಯರಿಗೆ ಹೊಳೆಯಿತು. ಕೊಟ್ಟ ಕೆಲವೇ ಗಂಟೆಗಳಲ್ಲಿ ಅವಳು ಚೇತರಿಸತೊಡಗಿದಳು. ಇಂದು ಕಾರ್-ಟಿ ಕೊಡುವ ಆಸ್ಪತ್ರೆಗಳಲ್ಲಿ ಆ ಔಷಧವನ್ನು ಮೊದಲೇ ತಂದಿಟ್ಟುಕೊಂಡಿರುತ್ತಾರೆ.

ಭಾರತದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಜೊತೆಗೂಡಿ ರೂಪಿಸಿದ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ಅದು 15 ವರ್ಷ ಮೇಲ್ಪಟ್ಟವರಿಗೆ, ಬಿ ಕೋಶದ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಮತ್ತು ಲ್ಯುಕೀಮಿಯಾ (ರಕ್ತದ ಕ್ಯಾನ್ಸರ್) ಮರುಕಳಿಸಿದಾಗ ಅಥವಾ ಬೇರೆ ಚಿಕಿತ್ಸೆಗೆ ಬಗ್ಗದಿದ್ದಾಗ. ಪ್ರಯೋಗದಲ್ಲಿ ಫಲ ಅಳೆಯಲು ಸಾಧ್ಯವಾದವರ ಪೈಕಿ ನೂರಕ್ಕೆ 73 ಮಂದಿಯಲ್ಲಿ ರೋಗ ಇಳಿಯಿತು. ಆದರೆ ಇಳಿದದ್ದು ಎಲ್ಲರಲ್ಲೂ ಉಳಿಯಲಿಲ್ಲ. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ 2025ರ ಜನವರಿಯಲ್ಲಿ ಕಾರ್ಟೆಮಿ ಎಂಬ ಇನ್ನೊಂದನ್ನು ಹೊರತಂದಿತು, ಅದು ವಯಸ್ಕರ ಬಿ ಕೋಶದ ಲಿಂಫೋಮಾಕ್ಕೆ. ಅಮೆರಿಕದಲ್ಲಿ 2017ರಲ್ಲಿ ಮೊದಲ ಕಾರ್-ಟಿಗೆ ಇಟ್ಟ ಬೆಲೆ 4,75,000 ಡಾಲರ್. ನೆಕ್ಸ್‌ಕಾರ್19 ಬಂದಾಗ ಅದರ ವೆಚ್ಚ ಸುಮಾರು 30ರಿಂದ 40 ಲಕ್ಷ ರೂಪಾಯಿ ಎಂದು ಹೇಳಲಾಗಿತ್ತು. ನಮ್ಮ ಕುಟುಂಬಗಳಿಗೆ ಇದೂ ಹೊಲ ಮಾರುವ ಮೊತ್ತವೇ ಎಂಬುದು ನನಗೆ ಗೊತ್ತು. ಆದ್ದರಿಂದ ಮೊದಲು ಮಾಡಬೇಕಾದ್ದು ಕಾರ್-ಟಿ ನಡೆಸುವ ಕೇಂದ್ರವೊಂದರ ರಕ್ತರೋಗ ತಜ್ಞರಿಗೆ ಎಲ್ಲ ವರದಿಗಳನ್ನು ತೋರಿಸಿ, ಹುಡುಗ ಅದಕ್ಕೆ ತಕ್ಕವನೇ, ಬಳಿಕ ಮೂಳೆಮಜ್ಜೆಯ ಕಸಿಯೂ ಬೇಕಾಗುತ್ತದೆಯೇ ಎಂದು ಕೇಳುವುದು. ಹಣದ ವ್ಯವಸ್ಥೆಗೆ ಆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಅದೇ ದಿನ ಕಾಣಿ. ಯಾವುದಕ್ಕೂ ತಡಮಾಡಬೇಡಿ, ರೋಗ ಹೆಚ್ಚಿದಷ್ಟೂ ಒಳ್ಳೆಯ ಟಿ ಕೋಶ ಸಿಗುವುದು ಕಷ್ಟ.

ಪ್ರಶ್ನೆ: ತಾಯಿಯ ರಕ್ತದಿಂದಲೇ ‘ಡೆಂಡ್ರಿಟಿಕ್ ಕೋಶದ ಲಸಿಕೆ’ ಮಾಡಿ ಕೊಡುತ್ತೇವೆ, ಇದು ಪ್ರಯೋಗದ ಹಂತದಲ್ಲಿದೆ, ಐದು ಲಕ್ಷ ಕಟ್ಟಿ ಎಂದು ಒಂದು ಖಾಸಗಿ ಕ್ಲಿನಿಕ್‌ನವರು ಹೇಳಿದ್ದಾರೆ. ಕಟ್ಟಬಹುದೇ?
(ಓದುಗರು, ಬೆಂಗಳೂರು)

ಉತ್ತರ: ಪ್ರಯೋಗವಾದರೆ ಹಣ ಕೇಳಬಾರದು, ಹಣ ಕೇಳುತ್ತಿದ್ದರೆ ಅದನ್ನು ಪ್ರಯೋಗ ಎನ್ನಬಾರದು. ಸಂಶೋಧನೆಗೆ ಸಂಬಂಧಿಸಿದ ಖರ್ಚನ್ನು ಭಾಗವಹಿಸುವವರ ಮೇಲೆ ಹಾಕಕೂಡದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿ ಹೇಳುತ್ತದೆ. ಪ್ರತಿ ಕ್ಲಿನಿಕಲ್ ಟ್ರಯಲ್ ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಿರಬೇಕು. ಆ ನೋಂದಣಿ ಸಂಖ್ಯೆಯನ್ನೂ ನೈತಿಕ ಸಮಿತಿಯ ಒಪ್ಪಿಗೆಯನ್ನೂ ಲಿಖಿತವಾಗಿ ಕೇಳಿ. ಕೊಡಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.

ಗಡ್ಡೆಯ ಗುರುತನ್ನು ಟಿ ಕೋಶಗಳಿಗೆ ತೋರಿಸಿಕೊಡುವ ಡೆಂಡ್ರಿಟಿಕ್ ಕೋಶಗಳ ಹಿಂದಿನ ವಿಜ್ಞಾನ ಸುಳ್ಳಲ್ಲ. ಅವುಗಳನ್ನು ಕಂಡುಹಿಡಿದ ರಾಲ್ಫ್ ಸ್ಟೈನ್‌ಮನ್‌ಗೆ 2007ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂತು. ಅವರು ತಮ್ಮದೇ ಕೋಶಗಳಿಂದ ಮಾಡಿದ ಲಸಿಕೆಯನ್ನು ಪಡೆದು ನಾಲ್ಕು ವರ್ಷಕ್ಕೂ ಹೆಚ್ಚು ಬದುಕಿ, 2011ರಲ್ಲಿ ನೊಬೆಲ್ ಘೋಷಣೆಯಾಗುವ ಮೂರು ದಿನ ಮೊದಲು ತೀರಿಕೊಂಡರು. ಆದರೆ ಆ ಕೋಶಗಳನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲ ಅವರೂ ಶಸ್ತ್ರಚಿಕಿತ್ಸೆಯನ್ನು, ಕೀಮೋವನ್ನು ಬಿಡಲಿಲ್ಲ. 2010ರಲ್ಲಿ ಅಮೆರಿಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಅನುಮತಿ ಪಡೆದ ಸಿಪುಲ್ಯುಸೆಲ್-ಟಿ ಎಂಬ ಇದೇ ಜಾತಿಯ ಲಸಿಕೆ ಆಯುಷ್ಯವನ್ನು ಸರಾಸರಿ ನಾಲ್ಕು ತಿಂಗಳಷ್ಟು ಹೆಚ್ಚಿಸಿತು. ತಾಯಿಯವರ ಐದು ಲಕ್ಷವನ್ನು ಅವರ ಈಗಿನ ಚಿಕಿತ್ಸೆಗೆ, ನೋವು ನಿವಾರಣೆಗೆ, ಒಳ್ಳೆಯ ಆಹಾರಕ್ಕೆ ಉಳಿಸಿಕೊಳ್ಳಿ.

ಪ್ರಶ್ನೆ: ಮಗಳಿಗೆ 12 ವರ್ಷ. ಗರ್ಭಕೊರಳಿನ ಕ್ಯಾನ್ಸರ್ ಲಸಿಕೆ ಇಷ್ಟು ಚಿಕ್ಕ ವಯಸ್ಸಿಗೇ ಬೇಕೇ? ಅತ್ತೆಯವರು ಬೇಡ ಎನ್ನುತ್ತಾರೆ.
(ತಾಯಿ, ಶಿವಮೊಗ್ಗ)

ಉತ್ತರ: ಇದೇ ಸರಿಯಾದ ವಯಸ್ಸು. ಎಚ್‌ಪಿವಿ ದೇಹ ಸೇರಿದ ಮೇಲೆ ಈ ಲಸಿಕೆ ಅದನ್ನು ಹೊರಹಾಕಲಾರದು, ಸೇರುವ ಮೊದಲೇ ಬಾಗಿಲು ಮುಚ್ಚಬೇಕು. ಹದಿನೇಳು ತುಂಬುವ ಮೊದಲು ಲಸಿಕೆ ಪಡೆದ ಸ್ವೀಡನ್ನಿನ ಹೆಣ್ಣುಮಕ್ಕಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ನೂರಕ್ಕೆ 88ರಷ್ಟು ಕಡಿಮೆಯಾದದ್ದು 2020ರಲ್ಲಿ ಪ್ರಕಟವಾಗಿದೆ. ನಮ್ಮ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಮಹಿಳೆಯರಿಗೆ ಈ ರೋಗ ಬರುತ್ತದೆ; ಅವರಲ್ಲಿ ಅನೇಕರು ನಮ್ಮ ಬಳಿಗೆ ಬರುವ ಹೊತ್ತಿಗೆ ರಕ್ತಸ್ರಾವವನ್ನು ತಿಂಗಳುಗಟ್ಟಲೆ ಸಹಿಸಿಕೊಂಡಿರುತ್ತಾರೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ 2023ರಿಂದ ಲಭ್ಯವಿದೆ. 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15 ದಾಟಿದರೆ ಮೂರು. ಒಂದು ಡೋಸೂ ಒಳ್ಳೆಯ ರಕ್ಷಣೆ ಕೊಡುತ್ತದೆ ಎಂಬ ಆಧಾರದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅದಕ್ಕೂ ಒಪ್ಪಿಗೆ ನೀಡಿದೆ, ಆದ್ದರಿಂದ ಸರ್ಕಾರದ ಕಾರ್ಯಕ್ರಮದಲ್ಲಿ ಒಂದೇ ಡೋಸ್ ಹಾಕಿದರೆ ಚಿಂತೆ ಬೇಡ.

ನಿಮ್ಮ ಅತ್ತೆಯವರ ಅಂಜಿಕೆಗೆ ಕೋಪಿಸಿಕೊಳ್ಳಬೇಡಿ. ಹುಟ್ಟಿದ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವಾಗ ಅವರೇ ಮೊಮ್ಮಗಳನ್ನು ಮಡಿಲಲ್ಲಿ ಹಿಡಿದು ಕುಳಿತಿದ್ದಿರಬಹುದು. ಅದೂ ಕ್ಯಾನ್ಸರ್ ತಡೆಯುವ ಲಸಿಕೆಯೇ ಎಂದು ನೆನಪಿಸಿ. ಹಾಗೆಯೇ, ನಿಮ್ಮ ವಯಸ್ಸು ಮೂವತ್ತು ದಾಟಿದ್ದು ಗರ್ಭಕೊರಳಿನ ತಪಾಸಣೆ ಇನ್ನೂ ಆಗಿಲ್ಲವಾದರೆ, ಮಗಳಿಗೆ ಲಸಿಕೆ ಹಾಕಿಸಲು ಹೋದ ದಿನವೇ ನಿಮ್ಮದನ್ನೂ ಮಾಡಿಸಿಕೊಂಡು ಬನ್ನಿ.